ಬಾಯಿಂದ ಹೊರಬಂದದ್ದು ಗಾಳಿಚೀಲವಲ್ಲ

ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ಮೀನು ಮೇಲೆ ಬಂತು. ಒಂದೂವರೆ ಗೇಣು ಉದ್ದ. ಹಿತ್ತಾಳೆ ಬಣ್ಣದ ಮೈ, ಗಾಜಿನ ಗೋಲಿಯಂಥ ಮಂಕು ಕಣ್ಣು. ಆದರೆ ಬಾಯಿಂದ ಗುಲಾಬಿ ಬಣ್ಣದ್ದೇನೋ ಉಬ್ಬಿಕೊಂಡು ಹೊರಗೆ ಬಂದಿತ್ತು, ಮಕ್ಕಳು ಬಬಲ್ ಗಮ್ ಊದಿದ ಹಾಗೆ.

"ಚಿಕ್ಕಮ್ಮ, ಇದಕ್ಕೇನೋ ಆಗಿದೆ" ಅಂದ ನಮ್ಮ ಅಕ್ಕನ ಮಗ. ಪಕ್ಕದ ಡೇರೆಯವರು ಓಡಿ ಬಂದರು. ಒಳ್ಳೆ ಮನಸ್ಸಿನವರು. ಕೈಯಲ್ಲಿ ಸೂಜಿ. "ಅದು ಗಾಳಿಚೀಲ. ಚುಚ್ಚಿ ಗಾಳಿ ಬಿಟ್ಟರೆ ಸರಿಹೋಗುತ್ತೆ" ಅಂದರು.

ಸರಿಹೋಗುವುದಿಲ್ಲ. ಅದು ಗಾಳಿಚೀಲವೇ ಅಲ್ಲ. ಅದು ಮೀನಿನ ಹೊಟ್ಟೆ. ಚುಚ್ಚಿದರೆ ಜಠರಕ್ಕೇ ತೂತು ಬೀಳುತ್ತದೆ. ವರ್ಷಗಟ್ಟಲೆ ಮೀನು ಹಿಡಿದವರೂ ಈ ತಪ್ಪು ಮಾಡುತ್ತಾರೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ಜಾಗ ಯಾವುದೆಂದು ಹೇಳಿಬಿಡುತ್ತೇನೆ. ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಎಸ್ಕನಾಬಾ ಊರಿನ ಪಕ್ಕದಲ್ಲಿ ಲಿಟಲ್ ಬೇ ಡಿ ನಾಕ್ ಎಂಬ ಕೊಲ್ಲಿ ಇದೆ. ಮಿಶಿಗನ್ ಸರೋವರದ್ದೇ ಒಂದು ತೋಳು. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಜನ ಅದರ ಮೇಲೆ ಡೇರೆ ಹಾಕಿ, ದೊಡ್ಡ ಬೈರಿಗೆಯಿಂದ ತೂತು ಕೊರೆದು, ವಾಲ್‌ಐ ಮೀನಿಗೆ ಗಾಳ ಇಳಿಸಿ ಕೂರುತ್ತಾರೆ. ಗಡಿಯಾಚೆ ಕೆನಡಾದವರು ಇದೇ ಮೀನನ್ನು ಪಿಕರೆಲ್ ಅನ್ನುತ್ತಾರೆ. ತುಂಬ ರುಚಿಯ ಮೀನು. ಅದೇ ಅದಕ್ಕೆ ಕುತ್ತು. ಮಿನೆಸೋಟಾದ ರೆಡ್ ಲೇಕ್‌ನಲ್ಲಿ ಹಿಡಿದೂ ಹಿಡಿದೂ 1990ರ ದಶಕದಲ್ಲಿ ವಾಲ್‌ಐ ಸಂತತಿಯೇ ಕುಸಿದುಹೋಯಿತು. ಹಿಡಿಯುವುದನ್ನು ಪೂರ್ತಿ ನಿಲ್ಲಿಸಿ, ಮರಿ ಬಿಟ್ಟು, ಕಾದು, 2006ರಲ್ಲಷ್ಟೇ ಮತ್ತೆ ಗಾಳ ಹಾಕಲು ಬಿಟ್ಟರು.

ಮಿಶಿಗನ್‌ನ ಸಾಮಾನ್ಯ ನಿಯಮ 15 ಇಂಚು. ಅದಕ್ಕಿಂತ ಚಿಕ್ಕದು ಸಿಕ್ಕರೆ ಆಗಲೇ ನೀರಿಗೆ ಬಿಡಬೇಕು. ಅದು ದೊಡ್ಡದಾಗಿ ಒಂದು ಸಲವಾದರೂ ಮೊಟ್ಟೆ ಇಡಲಿ ಎಂಬ ಲೆಕ್ಕ. ನಮ್ಮದು 13 ಇಂಚು. ಬಿಡಬೇಕು, ನಿಜ. ಆದರೆ ಅದು ಬದುಕುತ್ತದಾ?

ಇದಕ್ಕೆ ಉತ್ತರ ಗಾಳಿಚೀಲದಲ್ಲೇ ಇದೆ. ಚೀಲವನ್ನು ಚುಚ್ಚುವುದರಲ್ಲಿ ಅಲ್ಲ, ಅದು ತುಂಬುವ ರೀತಿಯಲ್ಲಿ.

ನೀರಿನಲ್ಲಿ ಮುಳುಗದೆ, ತೇಲದೆ ನಿಲ್ಲಲು ಮೀನಿಗೆ ಮೈಯೊಳಗೆ ಒಂದಿಷ್ಟು ಗಾಳಿ ಬೇಕು. ನಮ್ಮ ರೋಹು, ಕಟ್ಲಾ, ಕಾವೇರಿಯ ಮಹಶೀರ್, ಇವೆಲ್ಲದರ ಚೀಲದಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇರುತ್ತದೆ. ಗಾಳಿ ಜಾಸ್ತಿಯಾದರೆ ತೇಗಿದ ಹಾಗೆ ಬಿಟ್ಟುಬಿಡುತ್ತವೆ. ಬಲೂನಿನ ಬಾಯಿಯನ್ನು ಬೆರಳಲ್ಲಿ ಹಿಡಿದುಕೊಂಡ ಹಾಗೆ, ಬೇಕಾದಾಗ ಸಡಿಲಿಸಬಹುದು. ವಾಲ್‌ಐಗೆ ಆ ಕೊಳವೆ ಇಲ್ಲ. ನಾವು ಜಿಲೇಬಿ ಅನ್ನುವ ತಿಲಾಪಿಯಾಗೂ ಇಲ್ಲ. ಅವುಗಳದ್ದು ಗಂಟು ಹಾಕಿದ ಬಲೂನು.

ಹುಟ್ಟುವಾಗ ಗಂಟು ಇರುವುದಿಲ್ಲ ಅನ್ನುವುದೇ ಚೆಂದ. ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ ರೆಪ್ಪೆಗೂದಲಿನಷ್ಟಿರುವ ಮರಿ ನೀರಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಬೇಕು. ಆಮೇಲೆ ಕೊಳವೆ ಮುಚ್ಚಿಹೋಗುತ್ತದೆ. ಮರಿ ಸಾಕುವ ತೊಟ್ಟಿಗಳಲ್ಲಿ ನೀರಿನ ಮೇಲೆ ಎಣ್ಣೆಯ ತೆಳು ಪದರ ಕಟ್ಟಿದರೆ ಮರಿಗೆ ಅದನ್ನು ದಾಟಲು ಆಗುವುದಿಲ್ಲ, ಚೀಲ ತುಂಬುವುದೇ ಇಲ್ಲ. ಅದಕ್ಕೇ ಅಲ್ಲಿ ಮೇಲಿನಿಂದ ನೀರು ಚಿಮುಕಿಸುತ್ತಾ ಇರುತ್ತಾರೆ.

ಸರಿ, ಬಾಯಿ ಮುಚ್ಚಿದ ಬಲೂನಿಗೆ ಮುಂದೆ ಗಾಳಿ ತುಂಬುವುದು ಹೇಗೆ? ರಕ್ತದಿಂದ! ಚೀಲದ ಗೋಡೆಯಲ್ಲಿ ಒಂದು ಗ್ರಂಥಿ ಇದೆ. ಅದು ರಕ್ತಕ್ಕೆ ಆಮ್ಲ ಬೆರೆಸುತ್ತದೆ. ಹಾಲಿಗೆ ನಿಂಬೆರಸ ಹಿಂಡಿದರೆ ಒಡೆಯುತ್ತದಲ್ಲ, ಹಾಗೆ ಆಮ್ಲ ಬಿದ್ದ ಕೂಡಲೇ ಮೀನಿನ ಹಿಮೋಗ್ಲೋಬಿನ್ ಹಿಡಿದುಕೊಂಡಿದ್ದ ಆಮ್ಲಜನಕವನ್ನು ಕೈಬಿಡುತ್ತದೆ. 1931ರಲ್ಲಿ ಇದನ್ನು ವಿವರಿಸಿದ ರೂಟ್ ಎಂಬ ವಿಜ್ಞಾನಿಯ ಹೆಸರೇ ಈ ಗುಣಕ್ಕೆ ನಿಂತಿದೆ.

ಆದರೆ ಬಿಟ್ಟ ಅನಿಲ ರಕ್ತದ ಜೊತೆಗೇ ವಾಪಸ್ ಹೋಗಿಬಿಡಬೇಕಲ್ವಾ? ಅದನ್ನು ತಡೆಯುವ ಏರ್ಪಾಡು ನನಗೆ ಎಲ್ಲಕ್ಕಿಂತ ಇಷ್ಟ. ಇಕ್ಕಟ್ಟು ಮೆಟ್ಟಿಲಿನ ಬೆಟ್ಟದ ದೇವಸ್ಥಾನ ನೆನೆಸಿಕೊಳ್ಳಿ. ಒಂದು ಸಾಲು ಹತ್ತುತ್ತಿದೆ, ಮೈಗೆ ಮೈ ತಾಗುವಂತೆ ಇನ್ನೊಂದು ಸಾಲು ಇಳಿಯುತ್ತಿದೆ. ಇಳಿಯುವವರ ಕೈತುಂಬ ಲಾಡು. ಎದುರು ಬಂದವರ ಕೈಯಲ್ಲಿ ತಮಗಿಂತ ಕಡಿಮೆ ಕಂಡರೆ ಒಂದು ಕೊಟ್ಟು ಮುಂದೆ ಹೋಗುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಹೀಗೇ. ಕೆಳಗಿನ ಬಾಗಿಲು ಬರುವಷ್ಟರಲ್ಲಿ ಇಳಿಯುವವರ ಕೈ ಹೆಚ್ಚುಕಮ್ಮಿ ಖಾಲಿ. ಹತ್ತಿದವರ ಕೈ ತುಂಬಿದೆ, ಮೇಲೆ ಇನ್ನೂ ಒಂದೆರಡು ಸಿಗುತ್ತದೆ. ಲಾಡು ಬೆಟ್ಟ ಇಳಿದು ಹೋಗುವುದೇ ಇಲ್ಲ, ಮೇಲೆ ರಾಶಿ ಬೀಳುತ್ತದೆ. ಗ್ರಂಥಿಗೆ ರಕ್ತ ತರುವ ನವಿರು ನಾಳಗಳೂ ಒಯ್ಯುವ ನಾಳಗಳೂ ಹೀಗೇ ಅಕ್ಕಪಕ್ಕ, ಎದುರುಬದುರು ಹರಿಯುತ್ತವೆ. ಅನಿಲ ಅಲ್ಲೇ ಸುತ್ತಿ ಸುತ್ತಿ ಚೀಲದೊಳಗೆ ಸೇರುತ್ತದೆ.

ಇಂಥ ನಾಳಗಳ ಕಟ್ಟಿಗೆ 'ಅದ್ಭುತ ಜಾಲ' ಎಂಬ ಹಳೇ ಹೆಸರಿದೆ. ಅದರ ಕಥೆ ಹೇಳದೆ ಮುಂದೆ ಹೋಗಲಾರೆ. 2ನೇ ಶತಮಾನದಲ್ಲಿ ಗ್ಯಾಲೆನ್ ಎಂಬ ವೈದ್ಯ ಪ್ರಾಣಿಗಳ ಮಿದುಳಿನ ಬುಡದಲ್ಲಿ ಇಂಥದ್ದೊಂದು ಜಾಲ ಕಂಡ. ಮನುಷ್ಯನಿಗೂ ಇದೆ ಅಂದುಬಿಟ್ಟ. ಸಾವಿರದ ಮುನ್ನೂರು ವರ್ಷಕ್ಕೂ ಜಾಸ್ತಿ ಯುರೋಪಿನ ವೈದ್ಯರು ಅದನ್ನೇ ಓದಿದರು, ಅದನ್ನೇ ಕಲಿಸಿದರು. ವೆಸಾಲಿಯಸ್ ಎಂಬ ಅಂಗರಚನಾ ತಜ್ಞ ಕೂಡ 1538ರ ತನ್ನ ಚಿತ್ರಗಳಲ್ಲಿ ಮನುಷ್ಯನಿಗೆ ಅದನ್ನು ಬರೆದಿದ್ದ. ಆಮೇಲೆ ಹೆಣಗಳನ್ನು ಕೊಯ್ದು ಸರಿಯಾಗಿ ನೋಡಿ, 1543ರಲ್ಲಿ ಇಲ್ಲವೇ ಇಲ್ಲ ಎಂದು ಬರೆದ. ಕುರಿಗೆ ಇದೆ, ನಮಗೆ ಇಲ್ಲ. ಸೂಜಿ ಹಿಡಿದು ಬಂದವರನ್ನು ಕಂಡಾಗ ನನಗೆ ಈ ಕಥೆಯೇ ನೆನಪಾಗಿದ್ದು. ಒಂದು ಮೀನನ್ನು ಕೊಯ್ದು ನೋಡಿದ್ದರೆ ಸಾಕಿತ್ತು. ಗಾಳಿಚೀಲ ಬೆನ್ನುಮೂಳೆಯ ಕೆಳಗೆ ಅಂಟಿಕೊಂಡಿರುತ್ತದೆ, ಬಾಯಿಯ ಕಡೆಗೆ ಬರಲು ಅದಕ್ಕೆ ದಾರಿಯೇ ಇಲ್ಲ.

ಈಗ ಮೀನಿಗೆ ಏನಾಯಿತು ನೋಡಿ. ಘಾಟಿ ಹತ್ತುವಾಗ ಬಸ್ಸಿನಲ್ಲಿ ಚಿಪ್ಸ್ ಪೊಟ್ಟಣ ಉಬ್ಬಿಕೊಳ್ಳುವುದನ್ನು ನೋಡಿದ್ದೀರಲ್ಲ? ಹೊರಗಿನ ಒತ್ತಡ ಕಡಿಮೆಯಾದರೆ ಒಳಗಿನ ಗಾಳಿ ಹಿಗ್ಗುತ್ತದೆ. 1662ರಲ್ಲಿ ಬಾಯ್ಲ್ ಎಂಬ ವಿಜ್ಞಾನಿ ಹೇಳಿದ್ದೂ ಇದನ್ನೇ. ಘಾಟಿಯಲ್ಲಿ ವ್ಯತ್ಯಾಸ ಸ್ವಲ್ಪ. ನೀರಿನಲ್ಲಿ ಹಾಗಲ್ಲ, ಪ್ರತಿ 10 ಮೀಟರಿಗೆ ಒಂದು ಇಡೀ ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ನಾವು ಗಾಳ ಇಳಿಸಿದ್ದು 42 ಅಡಿಗೆ. ಮೀನನ್ನು ಮೇಲೆ ಎಳೆಯುವ ಅರ್ಧ ನಿಮಿಷದಲ್ಲಿ ಚೀಲದ ಗಾಳಿ ಎರಡೂಕಾಲು ಪಟ್ಟು ಹಿಗ್ಗಲು ನೋಡುತ್ತದೆ. ಚೀಲದ ಬಾಯಿಗೆ ಗಂಟು. ಚೀಲ ಹಿಗ್ಗಿ ಜಠರವನ್ನು ಒತ್ತುತ್ತದೆ, ಜಠರ ಬಾಯಿಂದ ಹೊರಗೆ ಮಗುಚಿಕೊಳ್ಳುತ್ತದೆ. ಕಣ್ಣು ಹೊರಗೆ ಉಬ್ಬಬಹುದು, ಚೀಲ ಒಡೆಯಲೂಬಹುದು.

"ನಿಧಾನಕ್ಕೆ ಎಳೆದರೆ ಹೊಂದಿಕೊಳ್ಳುತ್ತೆ" ಎಂಬ ಇನ್ನೊಂದು ನಂಬಿಕೆ ಇದೆ. ಇದೂ ತಪ್ಪು. ಚೀಲದ ಗಾಳಿ ರಕ್ತಕ್ಕೆ ಮರಳಿ ಸೇರಲು ಗಂಟೆಗಟ್ಟಲೆ ಬೇಕು. ಎರಡು ನಿಮಿಷ ನಿಧಾನಿಸಿದರೆ ಮೀನು ಇನ್ನಷ್ಟು ಸುಸ್ತಾಗುತ್ತದೆ, ಅಷ್ಟೇ. ಬಿಟ್ಟ ಮೇಲೆ ಈಜಿಕೊಂಡು ಹೋಯಿತು, ಹಾಗಾದರೆ ಬದುಕಿತು ಅನ್ನುವುದನ್ನೂ ನಂಬಬೇಡಿ. ಒಳಗಿನ ಗಾಯ ಆಮೇಲೂ ಕೊಲ್ಲುತ್ತದೆ.

ಹಾಗಾಗಿ ಮೀನಿನ ಉಳಿವು ಅಳಿವು ಅದನ್ನು ಕೈಯಲ್ಲಿ ಹಿಡಿದ ಮೇಲೆ ತೀರ್ಮಾನವಾಗುವುದಲ್ಲ. ಎಲ್ಲಿ ತೂತು ಕೊರೆಯುತ್ತೀರಿ ಅನ್ನುವಾಗಲೇ ಹೆಚ್ಚಿನದೆಲ್ಲ ಆಗಿಹೋಗಿರುತ್ತದೆ. ಚಿಕ್ಕ ಮೀನು ಸಿಗುವ ಜಾಗವಾದರೆ 30 ಅಡಿಗಿಂತ ಆಳಕ್ಕೆ ಹೋಗದಿರುವುದು ಒಳ್ಳೆಯದು. ಇನ್ನೂ ಕಡಿಮೆಯಾದರೆ ಮತ್ತೂ ಒಳ್ಳೆಯದು. ಹೊಟ್ಟೆ ಹೊರಬಂದ ಮೀನಿಗೆ ಉಳಿದಿರುವ ದಾರಿ ಒಂದೇ, ಬೇಗ ಮತ್ತೆ ಆಳಕ್ಕೆ ಸೇರುವುದು. ಕೆಳಗಿನ ಒತ್ತಡವೇ ಚೀಲವನ್ನು ಹಿಸುಕಿ ಮೊದಲಿನ ಅಳತೆಗೆ ತರುತ್ತದೆ. ನಮ್ಮ ಮೀನನ್ನು ಸೂಜಿ ಮುಟ್ಟಿಸದೆ, ತಲೆ ಕೆಳಗೆ ಮಾಡಿ ನೀರೊಳಗೆ ತಳ್ಳಿದೆವು. ಸ್ವಲ್ಪ ಹೊತ್ತು ಮಂಜುಗಡ್ಡೆಯ ಅಡಿಯಲ್ಲೇ ಓಲಾಡಿತು. ಆಮೇಲೆ ಕಾಣಲಿಲ್ಲ.

ಚಳಿಯಿಂದ ಮೀನಿಗೆ ಒಂದು ಉಪಕಾರವೂ ಇದೆ, ಒಂದು ಕೇಡೂ ಇದೆ. ತಣ್ಣೀರಿನಲ್ಲಿ ಅದರ ಮೈಯ ಕೆಲಸಗಳೆಲ್ಲ ನಿಧಾನ, ಆಮ್ಲಜನಕ ಸಾಲದೆ ಒದ್ದಾಡುವುದು ಕಡಿಮೆ. ಬೇಸಿಗೆಯ ಬಿಸಿ ನೀರಿನಲ್ಲಿ ಬಿಟ್ಟ ಮೀನಿನ ಪಾಡು ಇದಕ್ಕಿಂತ ಕಷ್ಟ. ಆದರೆ ಅವತ್ತು ಹೊರಗೆ ಮೈನಸ್ 17 ಡಿಗ್ರಿ, ಜೊತೆಗೆ ಗಾಳಿ. ಕಿವಿರು ಅಂದರೆ ಒದ್ದೆ ರೇಷ್ಮೆ ಎಳೆಗಳ ಹಾಗೆ, ಆ ಗಾಳಿಗೆ ಕೆಲವೇ ಸೆಕೆಂಡಿನಲ್ಲಿ ಹೆಪ್ಪುಗಟ್ಟಲು ಶುರು. ಹಿಮದ ಮೇಲೆ ಮಲಗಿಸಿ ಫೋಟೋ ತೆಗೆಯುವುದು ಬೇಡವೇ ಬೇಡ. ಒಣ ಕೈಗವಸಲ್ಲಿ ಹಿಡಿದರೆ ಮೈಯ ಲೋಳೆ ಕಿತ್ತುಬರುತ್ತದೆ, ರೋಗ ತಡೆಯುವುದೇ ಆ ಲೋಳೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಟ್ಟರೆ ಸುಲಭವಾಗಿ ಕಳಚುತ್ತದೆ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಎಳೆಯಬಾರದು, ದಾರ ಕತ್ತರಿಸಿ ಬಿಡಬೇಕು.

ಮಧ್ಯಾಹ್ನ ಜಾಗ ಬದಲಿಸಿದೆವು. ದಡದ ಕಡೆಗೆ ನಡೆದು, ಹೊಸ ತೂತು ಕೊರೆದು, ದಾರಕ್ಕೆ ಸೀಸದ ಗುಂಡು ಕಟ್ಟಿ ಆಳ ನೋಡಿದೆವು. 22 ಅಡಿ. ಒಂದು ಗಂಟೆ ಏನೂ ಇಲ್ಲ. ಆಮೇಲೆ ಎಳೆತ. ಮತ್ತೆ ಚಿಕ್ಕದೇ, 12 ಇಂಚು. ಬಾಯೊಳಗೆ ಇಣುಕಿದೆ, ಹೊಟ್ಟೆ ಅದರ ಜಾಗದಲ್ಲೇ ಇತ್ತು. ಅಕ್ಕನ ಮಗ ಕೈಗವಸು ಕಳಚಿ, ಕೈಯನ್ನು ತೂತಿನ ನೀರಲ್ಲಿ ಅದ್ದಿ, ನೋವಿಗೆ ಹಲ್ಲು ಕಚ್ಚಿಕೊಂಡೇ ಕೊಕ್ಕೆ ತೆಗೆದ. ತಲೆ ಕೆಳಗೆ ಮಾಡಿ ಬಿಟ್ಟ. ಬಾಲ ಒಂದು ಸಲ ಬಡಿಯಿತು, ನನ್ನ ಮುಖದ ಮೇಲೆಲ್ಲ ನೀರು. ಒರೆಸಿಕೊಂಡು ನೋಡುವಷ್ಟರಲ್ಲಿ ತೂತಿನಲ್ಲಿ ಕಪ್ಪು ನೀರು ಮಾತ್ರ ಅಲುಗಾಡುತ್ತಿತ್ತು.