ಶಾಲೆಯಿಂದ ಮನೆಗೆ ದಾರಿ ಬಿಡಿಸು

ತೂಕದ ಯಂತ್ರ ಹತ್ತುವಾಗ ಕೆಲವು ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಹಾಗಾದರೂ ಒಂದರ್ಧ ಕಿಲೋ ಕಡಿಮೆ ತೋರಿಸೀತೆಂಬ ಆಸೆ. ಆ ಹನ್ನೆರಡರ ಹುಡುಗಿ ಚಪ್ಪಲಿ ಬಿಚ್ಚಿದಳು, ಕೈಗಡಿಯಾರ ಬಿಚ್ಚಿದಳು, ತಲೆಯ ಕ್ಲಿಪ್ಪನ್ನೂ ತೆಗೆದು ಅಮ್ಮನ ಕೈಗಿತ್ತಳು. ಮೈಮೇಲಿನ ದೊಗಲೆ ಸ್ವೆಟರ್ ಮಾತ್ರ ತೆಗೆಯಲು ಒಪ್ಪಲಿಲ್ಲ. ತೂಕ 68 ಕಿಲೋ, ಎತ್ತರ 152 ಸೆಂಟಿಮೀಟರ್. ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಬಿಎಂಐ 29 ದಾಟಿತ್ತು. "ನೋಡಿ ಡಾಕ್ಟ್ರೇ, ಇವಳ ಬಾಯಿಗೆ ಬಿಡುವೇ ಇಲ್ಲ. ನೀವಾದರೂ ಸ್ವಲ್ಪ ಹೇಳಿ" ಎಂದರು ಅಮ್ಮ. ಹುಡುಗಿ ನೆಲ ನೋಡುತ್ತಿದ್ದಳು.

ವೃತ್ತಿಯ ಮೊದಲ ವರ್ಷಗಳಲ್ಲಾಗಿದ್ದರೆ ನಾನು ಹೇಳಿಯೇಬಿಡುತ್ತಿದ್ದೆ. ಮೇಜಿನ ಡ್ರಾಯರಿನಲ್ಲಿ ಅಚ್ಚು ಹಾಕಿಸಿಟ್ಟ ಡಯಟ್ ಚಾರ್ಟಿನ ಕಟ್ಟು ಇರುತ್ತಿತ್ತು. ಒಂದು ಹಾಳೆ ಹರಿದು ಕೊಡುವುದು, ಸಿಹಿ ಬಂದ್ ಅನ್ನುವುದು, ದಿನಕ್ಕೊಂದು ಗಂಟೆ ಆಟ ಅನ್ನುವುದು, ಮೂರು ತಿಂಗಳು ಬಿಟ್ಟು ಬನ್ನಿ ಅನ್ನುವುದು. ಎಷ್ಟೋ ಮಂದಿ ಬರುತ್ತಿರಲಿಲ್ಲ. ಬಾರದವರ ಫೈಲಿನ ಮೇಲೆ 'ಪಾಲಕರು ಸಹಕರಿಸಲಿಲ್ಲ' ಎಂದು ಗೀಚಿ ಕಪಾಟಿಗೆ ಸೇರಿಸುತ್ತಿದ್ದೆ. ಅವರು ಯಾಕೆ ಬರಲಿಲ್ಲ ಎಂದು ಒಂದು ಫೋನು ಮಾಡಿದ್ದೂ ನೆನಪಿಲ್ಲ.

ಹಾಗೆ ಬಾರದವರ ಬೆನ್ನು ಹತ್ತಿದವರು ವಿನ್ಸೆಂಟ್ ಫೆಲಿಟಿ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ, ಕೈಸರ್ ಪರ್ಮನೆಂಟೆ ಸಂಸ್ಥೆಯ ವೈದ್ಯರು. 1980ರ ದಶಕದಲ್ಲಿ ಅವರು ನಡೆಸುತ್ತಿದ್ದ ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಒಂದು ವಿಚಿತ್ರ ನಡೆಯಿತು. ಅರ್ಧಕ್ಕೇ ಬಿಟ್ಟುಹೋಗುತ್ತಿದ್ದವರಲ್ಲಿ ಹಲವರು ಸೋತವರಲ್ಲ, ಚೆನ್ನಾಗಿ ತೂಕ ಇಳಿಯುತ್ತಿದ್ದವರು! ಅವರನ್ನು ಕೂರಿಸಿಕೊಂಡು ಹುಟ್ಟಿದಾಗಿನಿಂದ ಹಿಡಿದು ಕೇಳುತ್ತ ಬಂದಾಗ, ಬಾಲ್ಯದ ಲೈಂಗಿಕ ದೌರ್ಜನ್ಯದ ಕಥೆ ಒಬ್ಬರಾದ ಮೇಲೊಬ್ಬರಲ್ಲಿ ಹೊರಬಿತ್ತು. ಅತ್ಯಾಚಾರಕ್ಕೊಳಗಾದ ಒಬ್ಬ ಹೆಂಗಸಿನ ತೂಕ ನಂತರದ ಒಂದೇ ವರ್ಷದಲ್ಲಿ ಸುಮಾರು 48 ಕಿಲೋ ಏರಿತ್ತು. ದಪ್ಪಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ, ತನಗೆ ಬೇಕಿರುವುದೂ ಅದೇ ಎಂಬರ್ಥದ ಮಾತನ್ನು ಆಕೆ ಆಡಿದ್ದಳು. ನಾವು ರೋಗವೆಂದು ಕರೆಯುತ್ತಿದ್ದದ್ದು ಆಕೆಗೆ ಬೇಲಿಯಾಗಿತ್ತು. ತೂಕ ಇಳಿದಷ್ಟೂ ಬೇಲಿ ಕಿತ್ತಂತಾಗುತ್ತಿತ್ತು.

ಅಲ್ಲಿಂದ ಹುಟ್ಟಿದ್ದು 'ಏಸ್' ಅಧ್ಯಯನ, ಅಂದರೆ ಬಾಲ್ಯದಲ್ಲಿ ಅನುಭವಿಸಿದ ಕಷ್ಟಗಳ ಲೆಕ್ಕ. ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಅದರ ಮೊದಲ ವರದಿ ಪ್ರಕಟಿಸಿದರು. ಹೊಡೆತ, ಬೈಗುಳ, ಲೈಂಗಿಕ ಹಿಂಸೆ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡಿತ, ಮಾನಸಿಕ ಕಾಯಿಲೆ, ಜೈಲು ಕಂಡ ಸದಸ್ಯ ಎಂದು ಏಳು ಬಗೆ ಮಾಡಿ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಒಂದಕ್ಕಾದರೂ ಹೌದೆಂದಿದ್ದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ, ಯಾವುದನ್ನೂ ಕಾಣದವರಿಗೆ ಹೋಲಿಸಿದರೆ, ತೀವ್ರ ಬೊಜ್ಜು ಮತ್ತು ದೈಹಿಕ ಚಟುವಟಿಕೆಯ ಕೊರತೆ 1.4ರಿಂದ 1.6 ಪಟ್ಟು ಹೆಚ್ಚಿತ್ತು.

ಈ ಅಂಕಿಯನ್ನು ಉಬ್ಬಿಸಿ ಹೇಳುವವರನ್ನು ನಾನು ವೇದಿಕೆಗಳಲ್ಲಿ ಕೇಳಿದ್ದೇನೆ. ಅದೇ ಅಧ್ಯಯನದಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು. ಅದರ ಮುಂದೆ ಒಂದೂವರೆ ಪಟ್ಟು ಸಣ್ಣದೇ. ಅಂದರೆ ಕಷ್ಟದಲ್ಲಿ ಬೆಳೆದ ಮಕ್ಕಳೆಲ್ಲ ದಪ್ಪಗಾಗುವುದಿಲ್ಲ, ದಪ್ಪಗಿರುವ ಮಗುವಿನ ಮನೆಯಲ್ಲೆಲ್ಲ ಹಿಂಸೆ ನಡೆಯುತ್ತಿರುವುದಿಲ್ಲ. ಎಷ್ಟು ಬಗೆಯ ಕಷ್ಟ ಕಂಡರು ಎಂದು ಎಣಿಸುವ ಈ 'ಏಸ್' ಅಂಕವನ್ನು ಒಬ್ಬೊಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸಬೇಡಿ ಎಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಆದರೂ ನನ್ನ ಮುಂದೆ ಕೂತ ಮಗುವಿಗೆ ಸರಾಸರಿಯಿಂದ ಏನೂ ಆಗಬೇಕಾಗಿಲ್ಲ. ಅದರ ಮನೆಯಲ್ಲಿ ರಾತ್ರಿ ಏನು ನಡೆಯುತ್ತದೆ ಎಂಬುದಷ್ಟೇ ಮುಖ್ಯ.

ರಾತ್ರಿ ಎಂದೆ. ನಾನು ಈಗ ಊಟಕ್ಕಿಂತ ಮೊದಲು ನಿದ್ದೆ ಕೇಳುತ್ತೇನೆ. ಆ ಹುಡುಗಿಯನ್ನೂ ಕೇಳಿದೆ, ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ.

"ಎಷ್ಟು ಗಂಟೆಗೆ ಮಲಗ್ತೀಯ ಪುಟ್ಟಾ?"

"ಹತ್ತಕ್ಕೆ, ಡಾಕ್ಟರ್ ಆಂಟಿ."

"ನಿದ್ದೆ ಯಾವಾಗ ಬರುತ್ತೆ?"

ಉತ್ತರ ಬರಲು ತುಸು ಹೊತ್ತು ಹಿಡಿಯಿತು. "ಅಪ್ಪ ಬಂದು, ಜಗಳ ಎಲ್ಲ ಮುಗಿದ ಮೇಲೆ."

ಜಗಳ ಮುಗಿಯುವುದು ಕೆಲವೊಮ್ಮೆ ಒಂದು ಗಂಟೆಗೆ. ಏಳುವುದು ಆರಕ್ಕೆ. ಆ ನಡುವೆ ಅಡುಗೆಮನೆಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದುಕೊಂಡು ಹೊದಿಕೆಯೊಳಗೆ ಕೂತು ತಿನ್ನುತ್ತಾಳೆ. ಹಸಿವೆಯೇ ಎಂದು ಕೇಳಿದರೆ "ಗೊತ್ತಿಲ್ಲ, ತಿಂದರೆ ಎದೆ ಹೊಡ್ಕೊಳ್ಳೋದು ಕಡಿಮೆ ಆಗುತ್ತೆ" ಎಂದಳು. ಪಠ್ಯಪುಸ್ತಕದ ಒಂದು ಇಡೀ ಅಧ್ಯಾಯವನ್ನು ಅವಳು ಒಂದೇ ವಾಕ್ಯದಲ್ಲಿ ಮುಗಿಸಿದಳು.

ಗಾಬರಿಯಾದ ಗಳಿಗೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆದರೆ ಗಾಬರಿಯೇ ದಿನಚರಿಯಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಸುರಿಸುತ್ತಲೇ ಇರುತ್ತವೆ. ಕಾರ್ಟಿಸಾಲ್ ಸಿಹಿ ಮತ್ತು ಜಿಡ್ಡಿನ ಕಡೆಗೆ ನಾಲಗೆಯನ್ನು ಎಳೆಯುತ್ತದೆ, ಬಂದ ಕೊಬ್ಬನ್ನು ಹೊಟ್ಟೆಯ ಭಾಗದಲ್ಲಿ ಕೂಡಿಡಲು ನೆರವಾಗುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿದೆ: ಸಕ್ಕರೆ, ಕೊಬ್ಬು ತಿಂದಾಗ ಒತ್ತಡದ ಆ ವ್ಯವಸ್ಥೆ ನಿಜಕ್ಕೂ ತುಸು ತಣ್ಣಗಾಗುತ್ತದೆ. ಆ ಮಗು ಬಾಯಿಚಪಲಕ್ಕೆ ತಿನ್ನುತ್ತಿರಲಿಲ್ಲ. ಕೈಗೆ ಸಿಕ್ಕ ಒಂದೇ ಔಷಧಿಯನ್ನು ತೆಗೆದುಕೊಳ್ಳುತ್ತಿತ್ತು. ಅದನ್ನು ನಿಲ್ಲಿಸು ಎನ್ನುವ ಮುಂಚೆ ಅದರ ಜಾಗದಲ್ಲಿ ಏನಿಡುತ್ತೇನೆ ಎಂದು ನಾನು ಯೋಚಿಸಿರಬೇಕು.

ನಿದ್ದೆಗೆಟ್ಟದ್ದರ ಪಾಲೂ ಇದರಲ್ಲಿದೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹತ್ತು ಗಂಟೆ ಮಲಗಿದ್ದಾಗಿನ ಸ್ಥಿತಿಗೆ ಹೋಲಿಸಿದರೆ, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ 18 ಶೇಕಡಾ ಇಳಿದಿತ್ತು, ಹಸಿವೆಯೆಬ್ಬಿಸುವ ಗ್ರೆಲಿನ್ 28 ಶೇಕಡಾ ಏರಿತ್ತು. ಅದು ಎರಡೇ ರಾತ್ರಿಯ ಮಾತು, ಅದೂ ಬೆಳೆದ ಗಂಡಸರದ್ದು. ಈ ಹುಡುಗಿಗೆ ನಿದ್ದೆಗೆಟ್ಟು ಮೂರು ವರ್ಷ. ಅವಳ ವಯಸ್ಸಿಗೆ ಬೇಕಾದದ್ದು ಒಂಬತ್ತರಿಂದ ಹನ್ನೆರಡು ಗಂಟೆ.

ಮನೆಯೊಳಗೆ ಉಸಿರುಗಟ್ಟಿದರೆ ಮಕ್ಕಳು ಹೊರಗೆ ಓಡುತ್ತಾರೆ. ಅದು ಅವರ ಹಳೆಯ ಉಪಾಯ. ಹೊರಗೂ ಜಾಗವಿಲ್ಲದಿದ್ದರೆ?

ಅದಕ್ಕೇ ನಾನೊಂದು ಹಾಳೆ, ಪೆನ್ಸಿಲ್ ಕೊಟ್ಟು ಶಾಲೆಯಿಂದ ಮನೆಗೆ ಬರುವ ದಾರಿ ಬಿಡಿಸು ಎನ್ನುತ್ತೇನೆ. ಹಳೆಯ ಲ್ಯಾಬ್ ವರದಿಯ ಹಿಂಬದಿ ಸಾಕು. ಮಕ್ಕಳು ಅಳತೆಗೆ ತಕ್ಕಂತೆ ಬಿಡಿಸುವುದಿಲ್ಲ, ಭಯಕ್ಕೆ ತಕ್ಕಂತೆ ಬಿಡಿಸುತ್ತಾರೆ. ಇವಳ ಚಿತ್ರದಲ್ಲಿ ಶಾಲೆ ಬೆಂಕಿಪೊಟ್ಟಣದಷ್ಟು, ಮನೆ ಅದಕ್ಕಿಂತ ಚಿಕ್ಕದು. ನಡುವೆ ಹಾಳೆಯ ಅರ್ಧವನ್ನು ನುಂಗಿದ ಒಂದು ಗೋಡೆ. ಗೋಡೆಯ ಮೇಲೆ ನಾಲ್ಕು ಕಡ್ಡಿ ಮನುಷ್ಯರು. "ಇವರು ಯಾರು?" "ಕೂತಿರ್ತಾರೆ. ಏನೇನೋ ಅಂತಾರೆ." ಅವರನ್ನು ತಪ್ಪಿಸಲು ಅವಳು ಮುಖ್ಯರಸ್ತೆಯಲ್ಲಿ ಬಸ್ಸು ಹಿಡಿಯುತ್ತಾಳೆ, ನಡೆದರೆ ಹದಿನೈದು ನಿಮಿಷದ ದಾರಿಗೆ. ಬಸ್ಸು ಕಾಯುವ ಜಾಗದ ಬೆನ್ನಿಗೇ ಚಿಪ್ಸು, ಕೂಲ್‌ಡ್ರಿಂಕ್ ತೂಗುಹಾಕಿದ ಅಂಗಡಿ. ಇನ್ನೊಂದು ಮೂಲೆಯಲ್ಲಿ ಪಾರ್ಕು ಬಿಡಿಸಿದ್ದಳು, ಅದರ ಗೇಟಿಗೆ ಒತ್ತಿ ಒತ್ತಿ ಕಪ್ಪು ಬೀಗ. ಸ್ವೆಟರ್ ಯಾಕೆ ತೆಗೆಯುವುದಿಲ್ಲ ಎಂದು ಆಮೇಲೆ ನಾನು ಕೇಳಲಿಲ್ಲ.

ದಿನಕ್ಕೊಂದು ಗಂಟೆ ಚಟುವಟಿಕೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಿಯೇ. 11ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಅದನ್ನು ಮುಟ್ಟುತ್ತಿಲ್ಲ ಎಂಬುದೂ ಆ ಸಂಸ್ಥೆಯದೇ ಲೆಕ್ಕ. ಜಗತ್ತಿನ ನೂರರಲ್ಲಿ ಎಂಬತ್ತು ಮಕ್ಕಳು ಸೋಮಾರಿಗಳು ಎಂದು ನಂಬುವುದಾದರೆ ನಂಬಬಹುದು. ನನಗಂತೂ ಆ ಬೀಗ ಕಣ್ಣಿಗೆ ಕಟ್ಟುತ್ತದೆ.

ವಾಸದ ಜಾಗವೇ ಮೈಮೇಲೆ ಕೆಲಸ ಮಾಡುತ್ತದೆಯೇ, ಅಥವಾ ಬಡವರು ಕೆಟ್ಟ ಜಾಗದಲ್ಲಿ ಇರುವುದರಿಂದ ಹಾಗೆ ಕಾಣುತ್ತದೆಯೇ? ಈ ಗಂಟು ಬಿಡಿಸಲು ಸಿಕ್ಕ ಅಪರೂಪದ ಪ್ರಯೋಗ ಅಮೆರಿಕದ್ದು. 1994ರಿಂದ 1998ರ ನಡುವೆ ಐದು ನಗರಗಳ ಕಡುಬಡ ವಸತಿಗಳ ನಾಲ್ಕೂವರೆ ಸಾವಿರದಷ್ಟು ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ಹತ್ತು ಹದಿನೈದು ವರ್ಷದ ಮೇಲೆ ಆ ಮನೆಗಳ ಹೆಂಗಸರನ್ನು ತೂಗಿ, ರಕ್ತ ಪರೀಕ್ಷಿಸಿದಾಗ, ನೆರವು ಸಿಗದ ಗುಂಪಿಗೆ ಹೋಲಿಸಿದರೆ, ತೀವ್ರ ಬೊಜ್ಜು ಮತ್ತು ಮಧುಮೇಹ ಎರಡೂ ಕಡಿಮೆಯಿದ್ದವು. ಬಿಎಂಐ 35 ಅಥವಾ ಅದಕ್ಕಿಂತ ಹೆಚ್ಚಿದ್ದವರ ಪ್ರಮಾಣ ನೂರಕ್ಕೆ ನಾಲ್ಕೂವರೆಯಷ್ಟು ಕಡಿಮೆಯಿತ್ತು. ಅವರಿಗೆ ಯಾರೂ ಡಯಟ್ ಚಾರ್ಟ್ ಕೊಟ್ಟಿರಲಿಲ್ಲ. ಬದಲಾಗಿದ್ದದ್ದು ವಿಳಾಸ. ಅಳೆದದ್ದು ಬೆಳೆದ ಹೆಂಗಸರನ್ನು, ಮಕ್ಕಳನ್ನಲ್ಲ ಎಂಬುದನ್ನು ಮರೆಯದೆ ಇಷ್ಟು ಹೇಳಬಹುದು: ಬೀದಿಗೂ ಮೈಗೂ ನಂಟಿದೆ.

ಅಂಗಡಿಗಳ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾಗದು. ಶಾಲೆಯ ಹತ್ತಿರ ಕರಿದ ತಿಂಡಿಯ ಅಂಗಡಿ ಇದ್ದರೆ ಮಕ್ಕಳ ತೂಕ ಹೆಚ್ಚುತ್ತದೆಯೇ ಎಂದು ನೋಡಿದ ಅಧ್ಯಯನಗಳಲ್ಲಿ ಕೆಲವು ಹೌದೆಂದಿವೆ, ಕೆಲವು ಇಲ್ಲವೆಂದಿವೆ. ಪಾನೀಯದೊಳಗಿನ ಸಕ್ಕರೆಯನ್ನೇ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಉದಾಹರಣೆಯಿದೆ. 2018ರ ಏಪ್ರಿಲ್‌ನಿಂದ ಅಲ್ಲಿ ಸಕ್ಕರೆ ಪಾನೀಯದ ಮೇಲೆ ತೆರಿಗೆ ಬಂತು. ತೆರಿಗೆ ತಪ್ಪಿಸಲು ಕಂಪನಿಗಳೇ ಸಕ್ಕರೆ ಕಡಿಮೆ ಮಾಡಿದವು. 10-11 ವರ್ಷದ ಹುಡುಗಿಯರಲ್ಲಿ ಬೊಜ್ಜು, ತೆರಿಗೆ ಇಲ್ಲದಿದ್ದರೆ ಇರುತ್ತಿದ್ದದ್ದಕ್ಕಿಂತ, ಶೇಕಡಾ 8ರಷ್ಟು ಕಡಿಮೆಯಾಯಿತೆಂದು ಸಂಶೋಧಕರು ಅಂದಾಜಿಸಿದರು. ಹುಡುಗರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಬೀಗ ತೆಗೆಸುವುದು, ಬೀದಿದೀಪ ಹಾಕಿಸುವುದು ವೈದ್ಯರ ಕೈಯಲ್ಲಿಲ್ಲ. ಆದರೆ ಚಿತ್ರ ನೋಡಿದ ಮೇಲೆ ನನ್ನ ಚೀಟಿ ಬದಲಾಗುತ್ತದೆ. ಆ ದಿನ ನಾನು ಬರೆದ ಮೊದಲ ಸಾಲು ಊಟದ್ದಲ್ಲ: 'ಮಲಗುವ ಕೋಣೆ ಬದಲಿಸಿ.' ಅಜ್ಜಿಯ ಕೋಣೆ ಮನೆಯ ಹಿಂಬದಿಯಲ್ಲಿತ್ತು, ಜಗಳ ಅಲ್ಲಿಗೆ ಕೇಳುವುದಿಲ್ಲವಂತೆ. ಎರಡನೆಯದು, ಅದೇ ದಾರಿಯ ಇಬ್ಬರು ಸಹಪಾಠಿಗಳ ಜೊತೆ ನಡೆದು ಬರುವುದು, ಗೋಡೆಯ ತಿರುವಿನಲ್ಲಿ ಒಬ್ಬ ದೊಡ್ಡವರು ನಿಂತಿರುವುದು. ಮೂರನೆಯದು ಅಪ್ಪನಿಗೆ, ಬಂದು ನನ್ನನ್ನು ಕಾಣಿ ಎಂದು. ಅಮ್ಮನಿಗೆ ಬೇರೆಯಾಗಿ ಆಪ್ತಸಮಾಲೋಚಕರ ಸಮಯ ಗೊತ್ತುಮಾಡಿದೆ. ಗೋಡೆಯ ಮೇಲಿನವರು ಮಾತು ಮೀರಿ ಮುಂದೆ ಹೋಗಿದ್ದಾರೋ, ಮನೆಯ ಜಗಳ ಮಗುವಿನ ಮೈಮೇಲೂ ಬೀಳುತ್ತಿದೆಯೋ ಎಂದು ಹುಡುಗಿಯೊಬ್ಬಳನ್ನೇ ಕೇಳಿ, ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಹೌದೆಂದಿದ್ದರೆ ಅದು ತೂಕದ ಕ್ಲಿನಿಕ್ಕಿನಲ್ಲಿ ಮುಗಿಯುವ ವಿಷಯವಲ್ಲ, ಮಕ್ಕಳ ರಕ್ಷಣೆಯ ಕಾನೂನಿನದು. ಬಿಸ್ಕತ್ತಿನ ಡಬ್ಬದ ಸುದ್ದಿಯನ್ನೇ ನಾನು ಎತ್ತಲಿಲ್ಲ.

ಅಪ್ಪ ಬರಲೇ ಇಲ್ಲ. ಅವಳು ಬಂದಳು, ತಿಂಗಳಿಗೊಮ್ಮೆ. ಏಳನೆಯ ತಿಂಗಳು ಯಂತ್ರ ಹತ್ತಿದಾಗ ಅಮ್ಮನ ಮುಖ ಬಾಡಿತು. "ಅಷ್ಟೇ ಇದೆಯಲ್ಲ ಡಾಕ್ಟ್ರೇ, 68!" ನಾನು ಅವಳನ್ನು ಗೋಡೆಗೆ ಒರಗಿಸಿ ಎತ್ತರ ಅಳೆದೆ. 155. ಬೆಳೆಯುವ ಮಕ್ಕಳಲ್ಲಿ ತೂಕ ನಿಂತಲ್ಲೇ ನಿಂತು ಎತ್ತರ ಏರಿದರೆ ಅದೇ ಇಳಿಕೆ. ಬಿಎಂಐ ಒಂದು ಅಂಕದಷ್ಟು ಕೆಳಗೆ ಬಂದಿತ್ತು. ಅಮ್ಮನಿಗೆ ಗ್ರಾಫ್ ತೋರಿಸಿ ವಿವರಿಸುತ್ತಿದ್ದಾಗ ಹುಡುಗಿ ತನ್ನ ಫೈಲಿನಿಂದ ಹಳೆಯ ಚಿತ್ರ ಎಳೆದುಕೊಂಡು ನೋಡುತ್ತಿದ್ದಳು. "ಪಾರ್ಕ್ ಬೀಗ ಇನ್ನೂ ಹಾಗೇ ಇದೆ ಆಂಟಿ" ಎಂದಳು. ಆಮೇಲೆ ನನ್ನ ಮೇಜಿನ ಪೆನ್ಸಿಲ್ ತೆಗೆದುಕೊಂಡು ಗೋಡೆಯ ಪಕ್ಕ ಮೂರು ಚಿಕ್ಕ ಕಡ್ಡಿ ಮನುಷ್ಯರನ್ನು ಸೇರಿಸಿದಳು, ಮೂವರಿಗೂ ಬೆನ್ನಿಗೆ ಸ್ಕೂಲ್ ಬ್ಯಾಗು.