ಆಳವಿಲ್ಲದ ನೀರೇ ಕಷ್ಟ

ನಡುಗಡಲಲ್ಲಿ ಹೋಗುವ ಹಡಗಿಗೆ ತಳದ ಚಿಂತೆಯಿಲ್ಲ. ಕೆಳಗೆ 2000 ಮೀಟರ್ ನೀರಿದ್ದರೆ ಐವತ್ತು ಮೀಟರ್ ಆಚೀಚೆಯಾದರೂ ಏನೂ ಆಗುವುದಿಲ್ಲ. ತಾಪತ್ರಯ ಶುರುವಾಗುವುದು ದಡ ಹತ್ತಿರವಾದಾಗ. ಅಲ್ಲಿ ನಕ್ಷೆ ಒಂದು ಮೀಟರ್ ತಪ್ಪಿದ್ದರೂ ಹಡಗು ಬಂಡೆಗೆ ಬಡಿಯಬಹುದು. ಇಂಥ ಕಡೆ ಆಳ ಅಳೆಯಲೆಂದೇ ನೌಕಾಪಡೆಗಳಲ್ಲಿ ಸಣ್ಣ ಸರ್ವೆ ಹಡಗುಗಳಿರುತ್ತವೆ. ನಮ್ಮ ಕಾರವಾರದಲ್ಲೇ ಒಂದಿದೆ, ಐಎನ್‌ಎಸ್ ಮಕರ.

2012ರ ಸೆಪ್ಟೆಂಬರ್‌ನಲ್ಲಿ ಕಾರವಾರದ ನೌಕಾನೆಲೆಯಲ್ಲೇ ಅದು ಸೇವೆಗೆ ಸೇರಿತು. ಕಟ್ಟಿದ್ದು ಗುಜರಾತಿನ ಭಾವನಗರದಲ್ಲಿ. ಉದ್ದ ಸುಮಾರು 53 ಮೀಟರ್, ತೂಕ 500 ಟನ್ ಆಸುಪಾಸು. ಯುದ್ಧನೌಕೆಗಳ ಪಕ್ಕ ನಿಂತರೆ ಪುಟಾಣಿ. ಆದರೆ ಇದರ ತಳ ನೋಡಬೇಕು. ಅಕ್ಕಪಕ್ಕ ಎರಡು ಒಡಲು, ಮೇಲೆ ಎರಡನ್ನೂ ಸೇರಿಸುವ ಅಗಲವಾದ ಡೆಕ್. ಇದೇ ಕ್ಯಾಟಮರಾನ್. ಒಂದೇ ಒಡಲಿನ ಇಷ್ಟೇ ದೊಡ್ಡ ಹಡಗಿಗಿಂತ ಇದು ಅಲೆಗೆ ಕಡಿಮೆ ಹೊರಳುತ್ತದೆ.

ಹೊರಳಾಟ ಕಡಿಮೆ ಇದ್ದರೆ ಸಿಬ್ಬಂದಿಗೆ ಆರಾಮ, ನಿಜ. ಸರ್ವೆಗೆ ಅದಕ್ಕಿಂತ ದೊಡ್ಡ ಲಾಭವಿದೆ. ಆಳ ಅಳೆಯುವುದು ಸೋನಾರ್, ಅಂದರೆ ಶಬ್ದ ಕಳಿಸಿ ಅದು ತಳಕ್ಕೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುವ ಉಪಕರಣ. ಇಂದಿನ ಸೋನಾರ್ ನೇರ ಕೆಳಕ್ಕೆ ಮಾತ್ರ ಶಬ್ದ ಕಳಿಸುವುದಿಲ್ಲ, ಎರಡೂ ಬದಿಗೆ ಬೀಸಣಿಗೆಯಂತೆ ಹರಡುತ್ತದೆ. 30 ಮೀಟರ್ ಆಳದಲ್ಲಿ, ನೇರ ಗೆರೆಯಿಂದ 60 ಡಿಗ್ರಿ ಓರೆಯಾಗಿ ಹೋದ ಶಬ್ದ ತಳ ಮುಟ್ಟಲು 60 ಮೀಟರ್ ಸಾಗಬೇಕು. ಆ ಹೊತ್ತಿಗೆ ಹಡಗು ಬರೀ ಒಂದು ಡಿಗ್ರಿ ವಾಲಿದ್ದು ಲೆಕ್ಕಕ್ಕೆ ಸಿಗದೆ ಹೋದರೆ, ಆಳದಲ್ಲಿ ಸುಮಾರು 90 ಸೆಂಟಿಮೀಟರ್ ತಪ್ಪು! ವಾಲುವುದನ್ನು ಅಳೆದು ಸರಿಪಡಿಸುವ ಉಪಕರಣಗಳಿರುತ್ತವೆ. ಆದರೂ ಹಡಗು ವಾಲುವುದೇ ಕಡಿಮೆಯಾದರೆ ಒಳ್ಳೆಯದು ಅಲ್ವಾ?

ಇನ್ನೊಂದು ತೊಡಕು ನೀರಿನದೇ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಆದರೆ ಉಪ್ಪು, ಬಿಸಿ ಬದಲಾದರೆ ವೇಗವೂ ಬದಲಾಗುತ್ತದೆ. ಕಾಳಿ ನದಿಯಂಥ ಅಳಿವೆಯ ಎದುರು ಮಳೆಗಾಲದ ನಂತರ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಇರಬಹುದು. ಓರೆಯಾಗಿ ಹೋದ ಶಬ್ದ ಅಲ್ಲಿ ಬಾಗುತ್ತದೆ. ಸುಮ್ನೆ 1500 ಅಂತ ಲೆಕ್ಕ ಹಾಕಿದರೆ, ಸಪಾಟಾದ ಮರಳ ತಳವೂ ನಕ್ಷೆಯಲ್ಲಿ ಅಂಚು ಬಾಗಿದಂತೆ ಕಾಣುತ್ತದೆ. ಅದಕ್ಕೇ ಆಗಾಗ ಉಪಕರಣವೊಂದನ್ನು ನೀರಿಗಿಳಿಸಿ, ಯಾವ ಆಳದಲ್ಲಿ ಶಬ್ದದ ವೇಗ ಎಷ್ಟು ಅಂತ ನೋಡುತ್ತಾರೆ. ಉಬ್ಬರ ಇಳಿತದ ಲೆಕ್ಕ ಬೇರೆ. ನಕ್ಷೆಯಲ್ಲಿ ಬರೆಯುವ ಆಳ ತೀರಾ ಇಳಿತದ ನೀರಿನ ಮಟ್ಟದಿಂದ ಅಳೆದದ್ದು.

ಬೀಸಣಿಗೆಯ ಅಗಲ ಆಳಕ್ಕೆ ತಕ್ಕಷ್ಟೇ. ನೀರು ಕಡಿಮೆಯಾದಷ್ಟೂ ಒಂದು ಸಾಲಿನಲ್ಲಿ ಅಳೆಯುವ ಪಟ್ಟಿ ಕಿರಿದಾಗುತ್ತದೆ. ಹಾಗಾಗಿ ಗದ್ದೆ ಉಳುವವರ ಹಾಗೆ ಸಾಲು ಬಿಡದೆ ಹೋಗಿ ಬರಬೇಕು. ಆಳ ಕಡಲಲ್ಲಿ ಒಂದೇ ಸಾಲಿಗೆ ಮುಗಿಯುವ ಜಾಗ ಇಲ್ಲಿ ಎಷ್ಟೋ ಸಾಲು ಕೇಳುತ್ತದೆ.

ಈ ಕಸುಬು ಓದಿನಿಂದಷ್ಟೇ ಬರುವುದಿಲ್ಲ. ನೌಕಾಪಡೆ 1959ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಸಣ್ಣ ಶಾಲೆ ಇಂದು ಗೋವಾದ ರಾಷ್ಟ್ರೀಯ ಜಲಮಾಪನ ಸಂಸ್ಥೆ. ಹೊರದೇಶದವರೂ ಬಂದು ಕಲಿಯುತ್ತಾರೆ. ಪರದೆಯಲ್ಲಿ ಎದ್ದು ಕಂಡ ಚುಕ್ಕೆ ಬಂಡೆಯೋ, ಮೀನಿನ ಗುಂಪೋ ಅಂತ ಹೇಳುವ ಕಣ್ಣು ನೀರಿನ ಮೇಲೇ ಪಳಗಬೇಕು.

2015ರ ಮಾರ್ಚ್‌ನಲ್ಲಿ ಗೋವಾದ ಆಚೆ ನೌಕಾಪಡೆಯ ಡಾರ್ನಿಯರ್ ವಿಮಾನ ಕಡಲಿಗೆ ಬಿತ್ತು. ಹುಡುಕಾಟದಲ್ಲಿ ಅದರ ಅವಶೇಷ ತಳದಲ್ಲಿರುವುದನ್ನು ಪತ್ತೆ ಹಚ್ಚಿದ್ದು ಮಕರ. ನಕ್ಷೆ ಮಾಡುವ ಸೋನಾರ್ ಅಂಥ ಹೊತ್ತಿನಲ್ಲೂ ಬೇಕಾಗುತ್ತದೆ.

ಇಂಥ ಆರು ಹಡಗು ಬರಬೇಕಿತ್ತು. ಬಂದದ್ದು ಇದೊಂದೇ. ನನಗೆ ಇದು ಬೇಸರದ ಸಂಗತಿ. 2024ರಲ್ಲಿ ಸೇವೆಗೆ ಬಂದ ಹೊಸ ಸಂಧಾಯಕ್ 110 ಮೀಟರ್ ಉದ್ದದ ದೊಡ್ಡ ಸರ್ವೆ ಹಡಗು. ಆಳವಿಲ್ಲದ ಕಡೆ ಅದು ತನ್ನೊಳಗಿನ ಸರ್ವೆ ದೋಣಿಗಳನ್ನು ಇಳಿಸಿ ಕೆಲಸ ಮಾಡಿಸುತ್ತದೆ. ಅದೂ ಬೇಕು. ಆದರೆ ನಮ್ಮ ಅಳಿವೆಗಳಲ್ಲಿ ಪ್ರತಿ ಮುಂಗಾರಿಗೂ ಮರಳು ಜಾಗ ಬದಲಿಸುತ್ತದೆ, ಹೂಳು ತುಂಬುತ್ತದೆ. ಒಮ್ಮೆ ಅಳೆದ ಜಾಗವನ್ನೇ ಮತ್ತೆ ಮತ್ತೆ ಅಳೆಯಲು ದಡದ ಹತ್ತಿರವೇ ಇರುವ ಸಣ್ಣ ಹಡಗುಗಳು ಇನ್ನಷ್ಟು ಬೇಕು.