ಚಿನ್ನ ಬಂದದ್ದು ಬಂಡೆ ಒಡೆಯುವ ಮೊದಲೋ, ಆಮೇಲೋ?

ಫಿಲಿಪ್ಪೀನ್ಸ್‌ನ ಲುಝಾನ್ ದ್ವೀಪದ ಉತ್ತರ ಭಾಗದಲ್ಲಿ ಮಂಕಾಯನ್ ಎಂಬ ಬೆಟ್ಟದ ಊರಿದೆ. ಸ್ಪೇನಿನವರು ಬರುವ ಮೊದಲೇ ಅಲ್ಲಿನ ಇಗೊರೊಟ್ ಜನ ತಾಮ್ರ ತೆಗೆಯುತ್ತಿದ್ದರು. ಇವತ್ತು ಅದು ಲೆಪಾಂಟೊ ಗಣಿ. ಅಲ್ಲಿನ ಅದಿರು ಕೂತಿರುವ ಕಲ್ಲನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ತೂತುಗಳು. ಬೂದು ಬಣ್ಣದ ಕಲ್ಲು, ಚಾಕುವಿನಿಂದ ಗೀರಿದರೂ ಗೆರೆ ಮೂಡದಷ್ಟು ಗಟ್ಟಿ, ಆದರೆ ತುಂಬ ಖಾಲಿ ಗೂಡುಗಳು. ಕೆಲವು ಗೂಡುಗಳಿಗೆ ನೇರ ಅಂಚು, ಚೂಪು ಮೂಲೆ ಇರುತ್ತವೆ. ಅಲ್ಲಿ ಒಂದು ಕಾಲಕ್ಕೆ ಫೆಲ್ಡ್‌ಸ್ಪಾರ್ ಹರಳು ಇತ್ತು. ಹರಳು ಕರಗಿ ಹೋಗಿದೆ, ಅದರ ಆಕಾರ ಉಳಿದಿದೆ.

ಕರಾವಳಿಯ ಮುರಕಲ್ಲು ನೋಡಿದವರಿಗೆ ಈ ತೂತುಗಳು ಪರಿಚಿತ ಅನ್ನಿಸಬಹುದು. ಆದರೆ ಒಳಗೆ ನಡೆದದ್ದು ಪೂರ್ತಿ ಉಲ್ಟಾ. ಮುರಕಲ್ಲಿನಿಂದ ಮಳೆನೀರು ಸಿಲಿಕಾವನ್ನು, ಅಂದರೆ ಮರಳಿನ ಮುಖ್ಯ ವಸ್ತುವನ್ನು, ತೊಳೆದು ಒಯ್ದಿದೆ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದಿವೆ. ಲೆಪಾಂಟೊದ ಕಲ್ಲಿನಲ್ಲಿ ಅಲ್ಯುಮಿನಿಯಂ ಕೂಡ ಹೊರಟುಹೋಗಿದೆ, ಉಳಿದದ್ದು ಹೆಚ್ಚುಕಡಿಮೆ ಸಿಲಿಕಾ ಒಂದೇ. ಅಲ್ಯುಮಿನಿಯಂ ಅಷ್ಟು ಸುಲಭಕ್ಕೆ ಕಲ್ಲು ಬಿಟ್ಟು ಹೋಗುವ ಧಾತುವಲ್ಲ. ಅದನ್ನು ಹೀಗೆ ಹೊರಡಿಸಬೇಕಾದರೆ ನೀರಿನ ಪಿಎಚ್ 2ಕ್ಕಿಂತ ಕೆಳಗಿರಬೇಕು, ಅಂದರೆ ಅದು ಕಡು ಆಮ್ಲವಾಗಿರಬೇಕು.

ಅಂಥ ನೀರು ಬಂದದ್ದು ಜ್ವಾಲಾಮುಖಿಯ ಹೊಟ್ಟೆಯಿಂದ. ಆಳದಲ್ಲಿರುವ ಶಿಲಾಪಾಕದಿಂದ ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್ ಅನಿಲಗಳು ಮೇಲೇಳುತ್ತವೆ. ಅವು ನೀರಿನಲ್ಲಿ ಕರಗಿ ತಣಿಯುತ್ತಾ ಬಂದಾಗ, ಸಲ್ಫರ್ ಡೈಆಕ್ಸೈಡ್‌ನ ನಾಲ್ಕು ಅಣುಗಳಲ್ಲಿ ಮೂರು ಗಂಧಕಾಮ್ಲವಾಗುತ್ತವೆ, ಒಂದು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕ್ಲೋರೈಡ್ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಈ ಬಿಸಿ ಆಮ್ಲ ಬಿರುಕುಗಳಲ್ಲಿ ಹತ್ತುತ್ತಾ ಅಕ್ಕಪಕ್ಕದ ಬಂಡೆಯನ್ನು ತಿನ್ನುತ್ತದೆ. ಬಿರುಕಿಗೆ ತೀರ ಹತ್ತಿರ ತೂತು ಬಿದ್ದ ಸಿಲಿಕಾ, ಅದರಾಚೆ ಅಲ್ಯುಮಿನಿಯಂ, ಗಂಧಕ ಇರುವ ಆಲ್ಯುನೈಟ್ ಎಂಬ ಖನಿಜ, ಇನ್ನೂ ಆಚೆ ಬಿಳಿ ಜೇಡಿ. ದೂರ ಹೋದಷ್ಟೂ ಆಮ್ಲದ ಜೋರು ಕಡಿಮೆ.

ಇಷ್ಟೆಲ್ಲ ಆದರೂ ಚಿನ್ನ ಇನ್ನೂ ಬಂದಿರುವುದಿಲ್ಲ. ಆಮ್ಲ ಜಾಗ ಮಾಡಿಟ್ಟ ಮೇಲೆ ಬೇರೆಯದೇ ಒಂದು ದ್ರವ ಬರುತ್ತದೆ. ಅದರ ಹುಳಿ ಅಷ್ಟಿಲ್ಲ, ಲೋಹ ಜಾಸ್ತಿ. ಅದು ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ), ಎನಾರ್ಜೈಟ್ ಮತ್ತು ಚಿನ್ನವನ್ನು ಖಾಲಿ ಗೂಡುಗಳಲ್ಲಿ ಇಳಿಸುತ್ತದೆ. ತಾಮ್ರ, ಆರ್ಸೆನಿಕ್, ಗಂಧಕ ಸೇರಿದ ಕಪ್ಪು ಹೊಳಪಿನ ಖನಿಜ ಈ ಎನಾರ್ಜೈಟ್. ಇಂಥ ನಿಕ್ಷೇಪಗಳಿಗೆ ಹೈ ಸಲ್ಫಿಡೇಶನ್ ಎಪಿಥರ್ಮಲ್ ಎಂದು ಹೆಸರು. ಇವು ನೆಲದ ಮೇಲ್ಭಾಗದ ಒಂದು-ಒಂದೂವರೆ ಕಿಲೋಮೀಟರ್ ಒಳಗೇ ಆಗುವಂಥವು. ಅದಕ್ಕೇ ಬೇಗ ಸವೆದು ಹೋಗುತ್ತವೆ, ಸಿಗುವವೆಲ್ಲ ಬಹುಪಾಲು ಎಳೆಯವು. ಪೆರುವಿನ ಯಾನಕೋಚಾ ಗಣಿ ಇದೇ ಜಾತಿಯದು. ನಮ್ಮ ಕೋಲಾರ, ಹಟ್ಟಿಯ ಚಿನ್ನ ಬೇರೆ ಜಾತಿ. ಅದು ಇನ್ನೂ ಆಳದಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ ಕೂತದ್ದು.

ಇನ್ನು ಒಡೆಯುವ ವಿಷಯ. ಬಿಸಿನೀರು ಹರಿಯುವ ಬಿರುಕುಗಳನ್ನು ಸಿಲಿಕಾ ನಿಧಾನಕ್ಕೆ ಮುಚ್ಚುತ್ತದೆ. ಕೆಳಗೆ ಒತ್ತಡ ಕಟ್ಟಿಕೊಳ್ಳುತ್ತದೆ. ಭೂಕಂಪವೋ ಇನ್ನೊಂದೋ ಆ ಮುಚ್ಚಳ ಬಿಚ್ಚಿದರೆ ಒತ್ತಡ ಏಕಾಏಕಿ ಇಳಿದು ನೀರು ಹಬೆಯಾಗುತ್ತದೆ. ಹೊರಗಿನ ಗಾಳಿಯ ಒತ್ತಡದಲ್ಲಿ ಒಂದು ಲೀಟರ್ ನೀರು ಕುದಿದರೆ 1,600 ಲೀಟರಿಗೂ ಜಾಸ್ತಿ ಹಬೆ. ಬಂಡೆ ತಡೆಯುವುದುಂಟೇ? 2024ರ ಜುಲೈ 23ರಂದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸ್ಕಿಟ್ ಬೇಸಿನ್‌ನಲ್ಲಿ ಪ್ರವಾಸಿಗರ ಕಣ್ಣೆದುರೇ ಹೀಗಾಯಿತು. ಕಪ್ಪು ಕೆಸರು, ಕಲ್ಲು ಆಕಾಶಕ್ಕೆ ಚಿಮ್ಮಿದವು, ಮರದ ಕಾಲುದಾರಿ ಮುರಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿನ ನೀರಿನ ರಸಾಯನ ಬೇರೆ, ಆದರೆ ಹಬೆ ಬಂಡೆಯನ್ನು ಒಡೆಯುವ ರೀತಿ ಇದೇ.

ಹೀಗೆ ನೆಲದೊಳಗೆ ಒಡೆದು, ಮತ್ತೆ ಖನಿಜಗಳಿಂದ ಅಂಟಿಕೊಂಡ ಕಲ್ಲೇ ಹೈಡ್ರೋಥರ್ಮಲ್ ಬ್ರೆಚಿಯಾ. ಇದನ್ನು ಕಂಡ ತಕ್ಷಣ 'ಸ್ಫೋಟದ ಕಲ್ಲು' ಎಂದು ಬರೆದುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಕಂಡದ್ದನ್ನು ಬರೆಯಬೇಕು. ಕಾರಣದ ಹೆಸರು ಆಮೇಲೆ.

ಕೊರೆದು ತೆಗೆದ ಡ್ರಿಲ್ ಕೋರ್‌ನ ಒಂದು ತುಂಡನ್ನು ನೀರಲ್ಲಿ ಒದ್ದೆ ಮಾಡಿ, ಭೂತಗನ್ನಡಿ ಹಿಡಿದು ನೋಡೋಣ. ಚೂರುಗಳು ಒಂದಕ್ಕೊಂದು ತಾಗಿಕೊಂಡಿವೆಯೋ, ಪುಡಿಯ ನಡುವೆ ತೇಲುತ್ತಿವೆಯೋ? ಮನಸ್ಸಿನಲ್ಲೇ ಹಿಂದಕ್ಕೆ ಸರಿಸಿದರೆ ಅಂಚಿಗೆ ಅಂಚು ಕೂಡುತ್ತದೆಯೇ? ಕೂಡಿದರೆ ಅದು ಜಿಗ್‌ಸಾ ಫಿಟ್, ಚೂರು ಹೆಚ್ಚು ದೂರ ಹೋಗಿಲ್ಲ. ಮೂಲೆಗಳು ಸವೆದು ಉರುಟಾಗಿ, ನಾಲ್ಕಾರು ಬಗೆಯ ಕಲ್ಲು ಬೆರೆತಿದ್ದರೆ ಹೆಚ್ಚಾಗಿ ದೂರ ಸಾಗಿ, ಉಜ್ಜಿಕೊಂಡು ಬಂದಿವೆ ಎಂದು ಲೆಕ್ಕ. ಆದರೆ ಆಮ್ಲ ತಿಂದೂ ಮೂಲೆ ಉರುಟಾಗಬಹುದು, ಅದನ್ನೂ ನೆನಪಿಡಬೇಕು. ಚೂರುಗಳ ನಡುವೆ ತುಂಬಿರುವುದು ಅರೆದ ಕಲ್ಲಿನ ಹಿಟ್ಟೋ, ದ್ರವದಿಂದ ಬೆಳೆದ ಹರಳೋ? ಮೊದಲನೆಯದು ಮ್ಯಾಟ್ರಿಕ್ಸ್, ಎರಡನೆಯದು ಸಿಮೆಂಟ್. ಎರಡೂ ಒಟ್ಟಿಗೇ ಇರಬಹುದು, ಆಗ ಎರಡರ ಪಾಲನ್ನೂ ಬರೆಯಬೇಕು.

ಲೆಪಾಂಟೊದಂಥ ಕಡೆ ಇದು ಕಷ್ಟದ ಕೆಲಸ. ಚೂರೂ ಬೂದು ಸಿಲಿಕಾ, ನಡುವಿನ ಹಿಟ್ಟೂ ಬೂದು ಸಿಲಿಕಾ. ಸಾಲದ್ದಕ್ಕೆ ಸುಳ್ಳು ಬ್ರೆಚಿಯಾ ಬೇರೆ. ಬಿರುಕುಗಳ ಬಲೆಯ ಉದ್ದಕ್ಕೂ ಆಮ್ಲ ತಿಂದು ನಡುನಡುವೆ ಹಳೆಯ ಬಂಡೆ ಉಳಿದರೆ, ಒಡೆದ ಚೂರುಗಳ ಹಾಗೇ ಕಾಣುತ್ತದೆ. ಅಲ್ಲಿ ಏನೂ ಒಡೆದು ಚದುರಿರುವುದಿಲ್ಲ. ಚೂರಿನ ಅಂಚು ಚೊಕ್ಕವಾಗಿದೆಯೋ ಮಸುಕಾಗಿದೆಯೋ ಎಂದು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ.

ಇಷ್ಟು ತಾಳ್ಮೆಯಿಂದ ಬರೆದಿಟ್ಟರೆ ತಲೆಬರಹದ ಪ್ರಶ್ನೆಗೆ ಕಲ್ಲೇ ಉತ್ತರ ಕೊಡುತ್ತದೆ. ಎನಾರ್ಜೈಟ್‌ನ ಗೆರೆಯೊಂದು ಚೂರಿನೊಳಗೆ ಹಾದು, ಅಂಚಿಗೆ ಬಂದು ತಟ್ಟನೆ ನಿಂತಿದೆ ಅಂದುಕೊಳ್ಳಿ. ಹಾಗಿದ್ದರೆ ಅದಿರು ಮೊದಲು, ಒಡೆದದ್ದು ಆಮೇಲೆ. ತೂತು ಬಿದ್ದ ಸಿಲಿಕಾ ಚೂರುಗಳನ್ನು ಎನಾರ್ಜೈಟೇ ಸಿಮೆಂಟಾಗಿ ಹಿಡಿದಿದ್ದರೆ ಆಮ್ಲ ಮೊದಲು, ಆಮೇಲೆ ಒಡೆತ, ಕೊನೆಗೆ ಅದಿರು. ಎರಡನೆಯ ಸಂಗತಿಯಲ್ಲಿ ಬ್ರೆಚಿಯಾ ಎತ್ತ ಹೋಗುತ್ತದೋ ಅತ್ತ ಕೊರೆಯಬೇಕು. ಮೊದಲನೆಯದರಲ್ಲಿ ಬ್ರೆಚಿಯಾ ಅದಿರನ್ನು ಚದುರಿಸಿರಬಹುದು. ಒಂದು ಅಂಚನ್ನು ತಪ್ಪಾಗಿ ಓದಿದರೆ ಕೊರೆಯುವ ಯಂತ್ರ ತಪ್ಪು ದಿಕ್ಕಿಗೆ ಹೋಗುತ್ತದೆ. ಆರ್ಸೆನಿಕ್ ಎಲ್ಲಿದೆ ಎಂಬುದೂ ಇದೇ ಬರಹದಿಂದ ತಿಳಿಯುತ್ತದೆ. ತಾಮ್ರ ಕರಗಿಸುವವರಿಗೂ, ಗಣಿಯ ಕೆಳಗಿನ ಹೊಳೆಗೂ ಅದು ಸಣ್ಣ ವಿಷಯ ಅಲ್ವಲ್ಲ.

ಬೇರೆ ಜಾತಿಯ ಒಂದೇ ಒಂದು ಚೂರು ಕಂಡರೂ ಬಿಡಬಾರದು. ಬ್ರೆಚಿಯಾ ಕೆಲವು ಸಲ ಆಳದ ಬಂಡೆಯ ತುಣುಕನ್ನು ಮೇಲಕ್ಕೆ ತಂದಿರುತ್ತದೆ. ಅದರಲ್ಲಿ ತಾಮ್ರದ ಗೆರೆಗಳಿದ್ದರೆ ಕೆಳಗೆ ಪಾರ್ಫಿರಿ ನಿಕ್ಷೇಪ ಇರಬಹುದು, ಅಂದರೆ ಆಳದಲ್ಲಿ ಗಟ್ಟಿಯಾದ ಶಿಲಾಪಾಕದ ಒಳಗೂ ಸುತ್ತಲೂ ಸಣ್ಣ ಗೆರೆಗಳಾಗಿ ತಾಮ್ರ ಹರಡಿಕೊಂಡ ನಿಕ್ಷೇಪ. ಈ ಎರಡು ಬಗೆಯ ನಿಕ್ಷೇಪಗಳ ನಂಟು ಎಷ್ಟು ಹತ್ತಿರದ್ದು ಎನ್ನುವುದಕ್ಕೆ ಲೆಪಾಂಟೊಗಿಂತ ಒಳ್ಳೆಯ ಸಾಕ್ಷಿ ಕಡಿಮೆ. ಅಲ್ಲಿನ ಎನಾರ್ಜೈಟ್ ಅದಿರಿನ ಪಕ್ಕದಲ್ಲೇ, ನೂರಾರು ಮೀಟರ್ ಕೆಳಗೆ, ಫಾರ್ ಸೌತ್‌ಈಸ್ಟ್ ಎಂಬ ದೊಡ್ಡ ತಾಮ್ರ-ಚಿನ್ನದ ಪಾರ್ಫಿರಿ ಇದೆ. ಎರಡರ ಖನಿಜಗಳ ವಯಸ್ಸನ್ನೂ ಅಳೆದು 1995ರಲ್ಲಿ ಪ್ರಕಟಿಸಿದರು. ಎರಡೂ ಸುಮಾರು 14 ಲಕ್ಷ ವರ್ಷ ಹಿಂದಿನವು, ಒಟ್ಟು ಕೆಲಸ ಮುಗಿದದ್ದು ಸುಮಾರು 3 ಲಕ್ಷ ವರ್ಷದೊಳಗೆ.